ಮೂರೂವರೆ ಅಡಿ ಮಂಚ

ಮಗು ಬೆಳೆದ ಮೇಲೆ ತೊಟ್ಟಿಲು ಬಿಡಿಸುವುದು ಲೋಕದ ರೂಢಿ. ಶಿರಾದ ಕೋಟೆ ಕಡೆಯ ಓಣಿಯಲ್ಲಿ ಬಡಗಿ ಹುಸೇನ್ ಸಾಬ್ ಮಾತ್ರ ಮಗು ಬೆಳೆದ ಹಾಗೆಲ್ಲ ತೊಟ್ಟಿಲನ್ನೇ ಬೆಳೆಸುತ್ತ ಹೋದ. ಹೇಳಿದರೆ ನಗು ಬರುತ್ತದೆ. ಓಣಿಯವರೂ ಮೊದಮೊದಲು ನಕ್ಕರು. ಆಮೇಲೆ ನಗುವುದಕ್ಕೆ ಮನಸ್ಸು ಬಾರದೆ ಸುಮ್ಮನಾದರು.

ಅದರ ಹಿಂದಿನ ಕಥೆ ಇಷ್ಟು. ಹುಸೇನ್ ಸಾಬಿಗೂ ಅವನ ಹೆಂಡತಿ ಅಮೀನಾಬಿಗೂ ಒಬ್ಬಳೇ ಮಗಳು, ಸಾಬೀರಾ. ಪಾವಗಡದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಜಹೀರ್ ಅಹಮದನಿಗೆ ಕೊಟ್ಟು ನಿಕಾಹ್ ಮಾಡಿದ್ದರು. ಮದುವೆಗೆ ಹುಸೇನ್ ಸಾಬ್ ತನ್ನ ಕೈಯಾರೆ ಹೊನ್ನೆ ಮರದ ಮಂಚ ಮಾಡಿ, ಬಸ್ಸಿನ ನೆತ್ತಿಯ ಮೇಲೆ ಕಟ್ಟಿಸಿ ಕಳಿಸಿದ್ದ. ಚೊಚ್ಚಲ ಹೆರಿಗೆಗೆ ಅವಳು ತವರಿಗೆ ಬಂದದ್ದು ಐವತ್ತೇಳರ ಬೇಸಿಗೆಯಲ್ಲಿ. ಹೆಣ್ಣು ಮಗು ಹುಟ್ಟಿತು. ಹನ್ನೊಂದನೆಯ ದಿನ ಸಾಬೀರಾಳಿಗೆ ಜ್ವರ ಬಂತು, ಹದಿನಾಲ್ಕನೆಯ ದಿನ ಅವಳು ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಬಾರದು ಎಂದು ಅಲ್ಲಿಯವರೆಗೂ ತೊಟ್ಟಿಲಿಗೆ ಕೈಹಾಕದೆ ಇದ್ದ ಹುಸೇನ್ ಸಾಬ್, ಮಗಳನ್ನು ಮಣ್ಣು ಮಾಡಿ ಬಂದ ಮೂರನೆಯ ದಿನ ಬೇವಿನ ಹಲಗೆ ಎಳೆದುಕೊಂಡು ಕೂತ. ಅವನ ಕಣ್ಣಲ್ಲಿ ಯಾರೂ ನೀರು ನೋಡಲಿಲ್ಲ. 'ಎರಡೂಕಾಲು ಅಡಿ ಸಾಕು' ಎಂದ, ಅಷ್ಟೆ. ಅಂದಿನಿಂದ ಅವನ ಬಾಯಲ್ಲಿ ಬರುತ್ತಿದ್ದುದು ಬರೀ ಅಳತೆ.

ನಲವತ್ತು ದಿನ ಕಳೆದ ಮೇಲೆ ಜಹೀರ್ ಬಂದ. ಮಗು ಜೈತೂನ್ ಯಾರ ಹತ್ತಿರ ಇರಬೇಕು ಎಂಬ ಮಾತು ಎದ್ದಿತು. ಓಣಿಯ ಹಿರಿಯ ಗುಲಾಮ್ ಮೊಹಿದ್ದೀನ್ ನಡುವೆ ಕೂತು ತೀರ್ಮಾನ ಹೇಳಿದ.

'ತೊಟ್ಟಿಲು ಬಿಡೋಗಂಟ ನಾನಿ ಹತ್ರ, ಅವ್ವನ ತವರಾಗೆ ಇರ್ಲಿ. ಬಿಟ್ಟ ಮ್ಯಾಲೆ ಅಪ್ಪನ ಮನೆ.'

ಎಷ್ಟು ವರ್ಷ ಅಂತ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮಗು ಯಾವಾಗ ತೊಟ್ಟಿಲು ಬಿಡುತ್ತದೆ ಎಂಬುದು ಊರಿಗೇ ಗೊತ್ತಿರುವ ಸಂಗತಿ, ಅದನ್ನೇನು ಬಿಡಿಸಿ ಹೇಳುವುದು? ಅಲ್ಲೇ ಎಡವಿದ್ದು. ಬಡಗಿಯ ಮನೆಯಲ್ಲಿ ಕೂತು ಮರದ ಸಾಮಾನಿನ ಮೇಲೆ ಕರಾರು ಮಾಡಬಾರದಿತ್ತು.

ಒಂದೂವರೆ ವರ್ಷಕ್ಕೆ ಜೈತೂನಳ ಕಾಲು ತೊಟ್ಟಿಲ ಕೊನೆಯ ಹಲಗೆಗೆ ಮುಟ್ಟಿತು. ಅದೇ ಹೊತ್ತಿಗೆ ಜಹೀರ್ ಮಧುಗಿರಿಯ ಕಡೆಯ ಅಫ್ಜಲುನ್ನೀಸಾ ಎಂಬ ಹುಡುಗಿಯನ್ನು ಮದುವೆಯಾದ ಸುದ್ದಿ ಬಂತು. ಹುಸೇನ್ ಸಾಬ್ ಉಳಿ ಸುತ್ತಿಗೆ ತೆಗೆದ. ಕೊನೆಯ ಹಲಗೆ ಕಳಚಿ, ಅರ್ಧ ಅಡಿ ಕೂಡಿಸಿ, ಬೆಣೆ ಹೊಡೆದ. ಇನ್ನೊಂದು ವರ್ಷಕ್ಕೆ ಮತ್ತೆ ಅರ್ಧ ಅಡಿ. ಹಗ್ಗ ತಡೆಯದು ಎಂದು ಸರಪಳಿ ಹಾಕಿದ. ಜೈತೂನ್ ಮಾತು ಕಲಿತಳು, ಓಡಾಡಿದಳು, ಓಣಿಯ ಕೋಳಿಗಳನ್ನೆಲ್ಲ ಅಟ್ಟಿಸಿಕೊಂಡು ಹೋದಳು, ನಿದ್ದೆ ಬಂದರೆ ಸ್ಟೂಲು ಎಳೆದುಕೊಂಡು ತಾನೇ ತೊಟ್ಟಿಲು ಹತ್ತಿ ಮಂಡಿ ಮಡಚಿಕೊಂಡು ಮಲಗಿದಳು.

ಅಮೀನಾಬಿಯ ಬಾಯಿ ಮಾತ್ರ ನಿಲ್ಲಲಿಲ್ಲ. 'ನನ್ ಮಗ್ಳು ಮಂಚದ ಮ್ಯಾಲೆ ಯಾವಳೋ ಮಲಗವಳೆ. ಈಗ ನನ್ ಮೊಮ್ಮಗ್ಳೂ ಬೇಕಾ ಅವಳಿಗೆ?' ಎಂದು ಒಲೆಗೂ ಹೇಳಿದಳು, ಕೊಡಕ್ಕೂ ಹೇಳಿದಳು. ಆ ಮಾತು ಹುಸೇನ್ ಸಾಬಿನ ಎದೆಯಲ್ಲೂ ಇತ್ತು. ತಾನು ಉಜ್ಜಿ ನುಣುಪು ಮಾಡಿದ ಆ ಹೊನ್ನೆಯ ಪಟ್ಟಿಯ ಮೇಲೆ ಬೇರೆಯವಳು ಕಾಲು ಚಾಚಿದ್ದಾಳೆ ಎಂದು ನೆನೆದರೆ ಉಳಿ ಹಿಡಿದ ಕೈ ನಿಲ್ಲುತ್ತಿತ್ತು. ಸಿಟ್ಟು ಬರಲಿ ಎಂದು ಕಾಯುತ್ತಿದ್ದ. ಬರುತ್ತಿರಲಿಲ್ಲ. ಮತ್ತೆ ಕೆಲಸಕ್ಕೆ ಕೈ ಹಚ್ಚುತ್ತಿದ್ದ.

ಬುಕ್ಕಾಪಟ್ಟಣದ ಓಬಳಯ್ಯ ನೇಗಿಲು ಮಾಡಿಸಲು ಬಂದವನು ಒಂದು ದಿನ ಆ ತೊಟ್ಟಿಲನ್ನು ನೋಡಿ ದಂಗಾಗಿ ನಿಂತ.

'ಏನ್ ಸಾಬಣ್ಣ, ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನೀನು ಕಾಲು ಇದ್ದಷ್ಟು ತೊಟ್ಟಿಲು ಚಾಚ್ತಾ ಇದ್ದೀಯಲ್ಲ.'

'ಮೂರೂಕಾಲು ಅಡಿ ಆತು,' ಎಂದ ಹುಸೇನ್ ಸಾಬ್.

'ಇಂಗೇ ಆದ್ರೆ ಕೂಸಿನ ಗಂಡನ್ನೂ ಅದ್ರಾಗೇ ಮಲಗಿಸ್ಬುಡು ಅತ್ಲಾಗೆ.'

ಹುಸೇನ್ ಸಾಬ್ ನೇಗಿಲ ಮೇಳಿಗೆ ಹಿಡಿ ಎಷ್ಟು ದಪ್ಪ ಬೇಕು ಎಂದು ಕೇಳಿದ. ಓಬಳಯ್ಯ ಮತ್ತೆ ತಮಾಷೆ ಮಾಡಲಿಲ್ಲ.

ಅರವತ್ತರ ಕೊನೆಗೆ, ಜೈತೂನಳಿಗೆ ಮೂರೂವರೆ ತುಂಬಿದ್ದಾಗ, ಒಂದು ಮಧ್ಯಾಹ್ನ ಅವಳು ನಿದ್ದೆಯಲ್ಲಿ ಕಾಲು ಒದ್ದಳು. ಎರಡು ಸಲ ಕೂಡಿಸಿದ ಹಲಗೆ ಎಷ್ಟು ದಿನ ತಡೆದೀತು? ಬೆಣೆ ಸಮೇತ ಕಿತ್ತುಕೊಂಡು ಬಿತ್ತು, ಅದರ ಹಿಂದೆ ಮಗುವೂ ಬಿತ್ತು. ಹಣೆ ಬಾತು ಬೋರೆಹಣ್ಣಿನಷ್ಟಾಯಿತು. ಅಳುವ ಸದ್ದಿಗೆ ಎದುರು ಮನೆಯಿಂದ ಗುಲಾಮ್ ಮೊಹಿದ್ದೀನ್ ಓಡಿಬಂದ. ಎರಡು ವರ್ಷದಿಂದ ಕಂಡೂ ಕಾಣದ ಹಾಗೆ ಇದ್ದ ಮನುಷ್ಯ, ಅಂದು ತೊಟ್ಟಿಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ.

'ಹುಸೇನ್, ಇದು ತೊಟ್ಟಿಲಲ್ಲ ಕಣಪ್ಪ, ಎತ್ತಿನಗಾಡಿ. ಎರಡು ಚಕ್ರ ಹಾಕಿದ್ರೆ ಪಾವಗಡಕ್ಕೆ ಹೊಡ್ಕಂಡು ಹೋಗ್ಬೋದು,' ಎಂದ. ಆಮೇಲೆ ದನಿ ಇಳಿಸಿ, 'ಸಾಕು ಮಾಡು. ಕೊಟ್ಟ ಮಾತು. ನಾನು ಜಹೀರ್‌ಗೆ ಕಾಗ್ದ ಬರೀತೀನಿ,' ಎಂದ.

ಹುಸೇನ್ ಸಾಬ್ ಬಿದ್ದ ಬೆಣೆಯನ್ನು ಎತ್ತಿ ನೋಡುತ್ತಿದ್ದ. ಅದನ್ನು ಜೇಬಿಗೆ ಹಾಕಿಕೊಂಡು, 'ಮಂಚ ನಾನೇ ಮಾಡಿ ಕಳಿಸ್ತೀನಿ,' ಎಂದ.

ಮಂಚವೇನೋ ಸರಿ, ಎಷ್ಟು ಉದ್ದದ್ದು? ಅಲ್ಲಿ ಶುರುವಾಯಿತು ನೋಡಿ. ಗಿರಾಕಿಯ ಮಗುವಾಗಿದ್ದರೆ ಹುಸೇನ್ ಸಾಬ್ ಎರಡು ಮಾತಾಡುತ್ತಿರಲಿಲ್ಲ. ಬೆಳೆಯುವ ಮಗುವಿಗೆ ಕೈ ಬಿಟ್ಟು ಅಳೆಯಬೇಕು, ಐದು ಅಡಿಗೆ ಕಡಿಮೆ ಮಾಡಿಸಿದರೆ ಮರಕ್ಕೂ ದಂಡ, ಕೂಲಿಗೂ ದಂಡ ಎಂದು ತಾನೇ ಬುದ್ಧಿ ಹೇಳುತ್ತಿದ್ದ. ಈ ಸಲ ಬುದ್ಧಿ ಹೇಳಿದವಳು ಅಮೀನಾಬಿ.

'ಅಜೀ, ಚಿಕ್ಕದು ಮಾಡ್ರಿ,' ಎಂದಳು. 'ಅವಳ ಅಳತೆಗೆ ಸರಿಯಾಗಿ. ಒಂದೆರಡು ವರ್ಷಕ್ಕೆ ಸಾಲ್ದಂಗಾಗ್ತದೆ. ಬೇರೆ ಮಾಡಿಸೋಕೆ ಇಲ್ಲಿಗೇ ತಾನೇ ಕರ್ಕೊಂಡು ಬರ್ಬೇಕು? ಆವಾಗ ಒಂದು ತಿಂಗ್ಳು ಇಟ್ಕೊಳೋಣ. ಆಮೇಲೂ ಚಿಕ್ಕದೇ ಮಾಡ್ರಿ.'

ಹುಸೇನ್ ಸಾಬ್ ಹೆಂಡತಿಯ ಮುಖ ನೋಡಿದ. ಇಷ್ಟು ವರ್ಷದಲ್ಲಿ ಒಂದು ಸ್ಟೂಲನ್ನೂ ಅವನು ಬೇಕೆಂದು ಕುಳ್ಳಗೆ ಮಾಡಿದವನಲ್ಲ. ಆದರೂ ಅಡಿಕೋಲು ತೆಗೆದುಕೊಂಡು ಹೋಗಿ ಜೈತೂನಳನ್ನು ಗೋಡೆಗೆ ನಿಲ್ಲಿಸಿದ. ಮೂರು ಅಡಿ ಎರಡು ಅಂಗುಲ. ಮೂರೂವರೆ ಅಡಿಯ ಮಂಚ ಮಾಡಿದ. ನಾಲ್ಕು ಕಾಲಿಗೂ ಬಳೆಬಳೆಯಾಗಿ ಗೆರೆ ಕಡೆದ, ಅಂಚು ದುಂಡು ಮಾಡಿದ, ನವಾರು ಪಟ್ಟಿ ಹೆಣೆದು ಬಿಗಿದ. ಕೆಲಸದಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ಉದ್ದ ಒಂದೇ ತಪ್ಪು, ಅದೂ ಗೊತ್ತಿದ್ದೇ ಮಾಡಿದ್ದು.

ಜಹೀರ್ ಹೆಂಡತಿಯನ್ನೂ ಕರೆದುಕೊಂಡು ಬಂದ. ಮಧುಗಿರಿಯಲ್ಲಿ ಬಸ್ಸು ಬದಲಿಸಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಜೈತೂನ್ ಹೊಸ ಮಂಚದ ಮೇಲೆ ನಿದ್ದೆ ಹೋಗಿದ್ದಳು. ಅಫ್ಜಲುನ್ನೀಸಾಗೆ ಇಪ್ಪತ್ತು ಇಪ್ಪತ್ತೊಂದು ಇರಬಹುದು. ಬುರ್ಖಾ ತೆಗೆದು ಮಡಿಸಿಟ್ಟು, ಯಾರೂ ಕರೆಯದಿದ್ದರೂ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತಳು. ಮಗುವನ್ನು ಮುಟ್ಟಲಿಲ್ಲ. ಮಗುವಿನ ಅಂಗಾಲಿಗೂ ಮಂಚದ ತುದಿಗೂ ನಡುವೆ ಬೆರಳಿಟ್ಟು ನೋಡಿದಳು.

'ಐದು ಬೆರಳು ಜಾಗ ಐತೆ, ಅಬ್ಬಾ,' ಎಂದಳು. 'ಬರೋ ವರ್ಷಕ್ಕೆ ಸಾಲಲ್ಲ.'

ಸಾಬೀರಾ ಹೋದ ಮೇಲೆ ಆ ಮನೆಯಲ್ಲಿ ಯಾರೂ ಹುಸೇನ್ ಸಾಬನನ್ನು ಅಬ್ಬಾ ಎಂದಿರಲಿಲ್ಲ.

'ಸರೇ ಬಿಡು, ಆವಾಗ ಇನ್ನೊಂದು ಮಾಡಿಸಿದ್ರಾತು,' ಎಂದ ಜಹೀರ್, ಪಾವಗಡದ ತೆಲುಗು ಬೆರೆಸಿ.

ಅಮೀನಾಬಿ ಕಾದಿದ್ದವಳ ಹಾಗೆ ಬಾಯಿ ಹಾಕಿದಳು. 'ಅದಕ್ಕೇನಂತೆ, ಸಾಲ್ದೆ ಹೋದಾಗ ಮಗೂನ ಇಲ್ಲಿಗೇ ಕರ್ಕೊಂಡು ಬನ್ರಿ.'

'ಈಗ್ಲೇ ಸಾಲಲ್ಲ ಅಮ್ಮಿ,' ಎಂದಳು ಅಫ್ಜಲುನ್ನೀಸಾ. 'ಇದ್ರಾಗೆ ನಾನೆಲ್ಲಿ ಮಲಗ್ಲಿ?'

ಯಾರಿಗೂ ಅರ್ಥವಾಗಲಿಲ್ಲ. ಅವಳು ತಲೆ ತಗ್ಗಿಸಿಕೊಂಡೇ ಹೇಳಿದಳು. 'ಹೊಸ ಮನೆ. ನನ್ನ ಮುಖಾನೂ ಹೊಸದು. ರಾತ್ರಿ ಎದ್ದು ನಾನಿ ಅಂತ ಅಳ್ತಾಳೆ. ಪಕ್ಕದಾಗೆ ಯಾರಾದ್ರೂ ಇರ್ಬೇಕಲ್ಲ.'

ಹುಸೇನ್ ಸಾಬ್ ಆಗ ಎರಡು ವರ್ಷದಿಂದ ಆಡದೆ ಇಟ್ಟುಕೊಂಡಿದ್ದ ಮಾತನ್ನು ಆಡಿದ. ಅದೂ ಅಳತೆಯಾಗಿಯೇ ಬಂತು.

'ಮನೇಲಿ ಮಂಚ ಐತಲ್ಲ. ಐದೂಮುಕ್ಕಾಲು ಅಡಿದು.'

'ಅದು ಸಾಬೀರಾ ಆಪಾದು, ಅಕ್ಕಂದು,' ಎಂದಳು ಅವಳು. 'ಅದ್ರ ಮ್ಯಾಲೆ ನಾನು ಒಂದು ದಿನಾನೂ ಮಲಗಿಲ್ಲ ಅಬ್ಬಾ. ಬಂದ ವಾರದಾಗೇ ನವಾರು ಬಿಚ್ಚಿ, ಕಾಲು ಕಳಚಿ, ಗೋಣಿ ಸುತ್ತಿ ಅಟ್ಟದ ಮ್ಯಾಲೆ ಇಟ್ಟಿವ್ನಿ. ಜೈತೂನ್ ನಿಕಾಹ್‌ಗೆ ಬೇಕಲ್ಲ. ನಾವು ಚಾಪೆ ಮ್ಯಾಲೆ ಮಲಗೋದು.'

ಜಹೀರ್ ಹೌದೆಂಬಂತೆ ತಲೆಯಾಡಿಸಿದ. ಅಮೀನಾಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಹುಸೇನ್ ಸಾಬಿಗೆ ಸಂತೋಷವಾಗಬೇಕಿತ್ತು, ನಾಚಿಕೆಯಾದರೂ ಆಗಬೇಕಿತ್ತು. ಒಂದೇ ಮಗ್ಗುಲಲ್ಲಿ ಮಲಗಿ ಜೋಮು ಹಿಡಿದ ಕೈಯ ಹಾಗೆ ಒಳಗೆಲ್ಲ ಭಾರವಾಗಿತ್ತು, ಅಷ್ಟೆ. ಮಲಗಿದ್ದ ಮಗುವನ್ನು ನೋಡಿದ, ಮಂಚವನ್ನು ನೋಡಿದ.

'ಎಂಟು ದಿನ ಬೇಕು,' ಎಂದ.

ಅವರು ಬರಿಗೈಯಲ್ಲಿ ವಾಪಸು ಹೋದ ಮೇಲೆ ಅಮೀನಾಬಿ ಅವನ ಮೇಲೆ ಹರಿಹಾಯ್ದಳು. 'ಎಂಟು ದಿನಾನಾ? ಎಂಟು ತಿಂಗ್ಳು ಅನ್ನೋಕೆ ನಿಮ್ ಬಾಯಿಗೆ ಏನಾಗಿತ್ತು?'

'ಕೆಲ್ಸ ಎಂಟು ದಿನದ್ದು,' ಎಂದ ಹುಸೇನ್ ಸಾಬ್.

'ಆ ಹುಡ್ಗಿ ಒಳ್ಳೇವ್ಳು,' ಎಂದಳು ಅಮೀನಾಬಿ ಒಲೆಯ ಮುಂದೆ ಕೂತು. 'ಕೆಟ್ಟೋಳಾಗಿದ್ರೆ ಎಷ್ಟೋ ಚೆನ್ನಾಗಿತ್ತು. ಬೈಕೊಂಡಾದ್ರೂ ಇರ್ತಿದ್ದೆ.' ಅಂದು ಅವಳು ಒಲೆಗೂ ಏನೂ ಹೇಳಲಿಲ್ಲ, ಕೊಡಕ್ಕೂ ಏನೂ ಹೇಳಲಿಲ್ಲ.

ಎಂಟು ದಿನ ಬೇಗ ಹೋದವು. ಉದ್ದ ಐದೂಮುಕ್ಕಾಲು ಅಡಿ, ಅಗಲ ಮೂರೂವರೆ, ಒಬ್ಬ ಹೆಂಗಸೂ ಒಂದು ಮಗುವೂ ಹೊರಳಿ ಮಲಗುವಷ್ಟು. ಬೇವಿನ ತುಂಡು ಸಾಲದೆ ಬಂದಾಗ ಹುಸೇನ್ ಸಾಬ್ ತೊಟ್ಟಿಲಿನ ಸರಪಳಿ ಬಿಚ್ಚಿ, ಅದರ ಹಲಗೆ ಕಳಚಿ ಮಂಚದ ತಲೆಯ ಕಡೆಗೆ ಜೋಡಿಸಿದ. ಜೈತೂನ್ ಹತ್ತಿರವೇ ಕೂತು ಉಜ್ಜಿದ ಮರದ ಸುರುಳಿಗಳನ್ನು ಓಲೆ ಎಂದು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು. 'ನಾನಾ, ಇದು ಯಾರ್ ಮಂಚ?' ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನಿಂದೇ ಎಂದು ಅವನು ಹತ್ತು ಸಲ ಹೇಳುತ್ತಿದ್ದ.

ಏಳನೆಯ ದಿನ ನವಾರು ಬಿಗಿದು ಮುಗಿಯಿತು. ಮಧ್ಯಾಹ್ನ ಅಮೀನಾಬಿ ಜೈತೂನಳನ್ನು ಅದರ ಮೇಲೆ ಮಲಗಿಸಿದಳು. ಸ್ವಲ್ಪ ಹೊತ್ತು ಅಭ್ಯಾಸದಂತೆ ಮಂಡಿ ಮಡಚಿಕೊಂಡೇ ಇದ್ದ ಮಗು, ನಿದ್ದೆ ಗಟ್ಟಿಯಾದ ಮೇಲೆ ಒಂದು ಕಾಲು ಚಾಚಿತು, ಇನ್ನೊಂದು ಕಾಲು ಚಾಚಿತು, ಕೈ ಎರಡನ್ನೂ ತಲೆಯ ಮೇಲಕ್ಕೆ ಎಸೆದು ಅಂಗಾತ ಬಿದ್ದುಕೊಂಡಿತು. ಹುಸೇನ್ ಸಾಬ್ ಬಾಗಿಲಲ್ಲಿ ನಿಂತು ನೋಡಿದ. ಇವಳು ಇಷ್ಟು ಉದ್ದ ಇದ್ದಾಳೆಂದು ಅವನಿಗೆ ಅಡಿಕೋಲು ಹೇಳಿತ್ತು, ಕಣ್ಣಿಗೆ ಕಂಡದ್ದು ಅಂದೇ. ಇಷ್ಟು ದಿನ ಈ ಮಗುವನ್ನು ಬಟ್ಟೆ ಮಡಿಸಿಟ್ಟ ಹಾಗೆ ಮಡಿಸಿಟ್ಟಿದ್ದೆನಲ್ಲ ಅನ್ನಿಸಿತು. ನಾಚಿಕೆಯಾಯಿತು. ಬಹಳ ದಿನದ ಮೇಲೆ ಎದೆಯಲ್ಲಿ ಏನೋ ಒಂದು ಆಯಿತಲ್ಲ ಎಂದುಕೊಂಡ.

ಮಾರನೆಯ ದಿನ ಅವರು ಬಂದರು. ಮಂಚವನ್ನು ಬಸ್ಸಿನ ಮೇಲೆ ಹುಸೇನ್ ಸಾಬನೇ ಹತ್ತಿ ನಿಂತು ಕಟ್ಟಿಸಿದ, ಗಂಟನ್ನು ಎರಡು ಸಲ ಎಳೆದು ನೋಡಿದ. ಜೈತೂನ್ ತನ್ನ ಮಂಚ ಬಸ್ಸು ಹತ್ತಿದ್ದನ್ನು ನೋಡಿ ತಾನೂ ಹತ್ತಿದಳು. ಅಫ್ಜಲುನ್ನೀಸಾಳ ತೊಡೆಯ ಮೇಲೆ ಕೂರಲಿಲ್ಲ, ಪಕ್ಕದಲ್ಲಿ ಕೂತಳು. ಬಸ್ಸು ಹೊರಟಾಗಲೂ ಅಳಲಿಲ್ಲ, ನಾನಿಯೂ ಹಿಂದಿನ ಬಾಗಿಲಿಂದ ಹತ್ತಿದ್ದಾಳೆ ಎಂದುಕೊಂಡಿದ್ದಳು.

ಮನೆಗೆ ಬಂದು ಹುಸೇನ್ ಸಾಬ್ ಕೈಕಾಲು ತೊಳೆದು ಕೂತ. ತೊಲೆಯಲ್ಲಿ ತೊಟ್ಟಿಲಿನ ಕೊಂಡಿ ಖಾಲಿ ಇತ್ತು. ಅದರ ಕೆಳಗೆ ಮೂರೂವರೆ ಅಡಿಯ ಮಂಚ ಇತ್ತು, ಈಗ ಯಾರ ಅಳತೆಗೂ ಆಗದ್ದು. ಅಮೀನಾಬಿ ಅದರ ತುದಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡಳು.

'ಉದ್ದ ಎಷ್ಟು ಇಟ್ರಿ?' ಎಂದು ಕೇಳಿದಳು.

'ಐದೂಮುಕ್ಕಾಲು.'

'ಸಾಬೀರಾ ಮಂಚದಷ್ಟೇ.'

'ಅಷ್ಟೇ.'

ಅಮೀನಾಬಿ ಬೆರಳು ಮಡಚಿ ವರ್ಷದ ಲೆಕ್ಕ ಹಾಕಿದಳು. 'ಹಂಗಾದ್ರೆ ಇನ್ನು ಮದ್ವೆವರ್ಗೂ ಅವಳಿಗೆ ಬೇರೆ ಮಂಚ ಬೇಕಾಗಲ್ಲ.'

'ಬೇಕಾಗಲ್ಲ.'

'ಮದ್ವೆಗೆ?'

'ಅದೂ ಮಾಡಿಟ್ಟೈತೆ,' ಎಂದ ಹುಸೇನ್ ಸಾಬ್.