ಹನ್ನೆರಡು ಎಕರೆ ಕಾಡು

ಕೊಯಮತ್ತೂರಿನಿಂದ ಸೇಲಂವರೆಗೆ ಸುಳ್ಳು ಹೇಳದೆ ಹೆಣ್ಣು ತಂದ ಗಂಡಸು ಯಾರಾದರೂ ಇದ್ದರೆ ಅದು ನಾನೊಬ್ಬನೇ. ಮೈಸೂರಿನಲ್ಲಿ ಹೆಣ್ಣು ನೋಡಲು ಹೋದಾಗ ಹುಡುಗಿಯ ಅಪ್ಪ, ಡ್ರಾಯಿಂಗ್ ಮೇಷ್ಟರು, ಕನ್ನಡಕ ಸರಿಮಾಡಿಕೊಂಡು “ಆಸ್ತಿ ಏನಿದೆ?” ಎಂದು ಕೇಳಿದರು. “ಹನ್ನೆರಡು ಎಕರೆ ಕಾಡು ಇದೆ” ಎಂದೆ. ಇದ್ದದ್ದು ಏಳು. ಮೇಲಿನ ಐದನ್ನು ಸುಳ್ಳು ಎನ್ನುವವರು ಮದುವೆ ಮಾತುಕತೆಗೆ ಕೂತವರೇ ಅಲ್ಲ. ಅನಾಹುತ ಆದದ್ದು ಎಕರೆಯಿಂದಲ್ಲ, ಕಾಡಿನಿಂದ.

ನಾವು ಕೊಯಮತ್ತೂರು ಬಳಿಯ ಅವಿನಾಶಿ ಕಡೆಯ ಕನ್ನಡದವರು. ನೂರು ತಲೆಮಾರಿನಿಂದ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬಾವಿ ಇರುವ ಭೂಮಿಗೆ ನಮ್ಮಲ್ಲಿ ತೋಟ ಅನ್ನುತ್ತಾರೆ. ಬಾವಿ ಇಲ್ಲದೆ ಮಳೆಯನ್ನೇ ನಂಬಿದ ಹೊಲಕ್ಕೆ ಕಾಡು ಅನ್ನುತ್ತಾರೆ. ಆದರೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಚಂದ್ರಾ ಮೈಸೂರಿನವಳು. ಅವಳ ಕನ್ನಡದಲ್ಲಿ ಕಾಡೆಂದರೆ ಕಾಡೇ: ಮರ, ಬಳ್ಳಿ, ನವಿಲು, ಹೊಳೆ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಕಾಣುವ ವಠಾರದಲ್ಲಿ ಇಪ್ಪತ್ತೆರಡು ವರ್ಷ ಬೆಳೆದ ಹುಡುಗಿ. ಅಪ್ಪನ ಬಣ್ಣದ ಡಬ್ಬಿಯಲ್ಲಿ ಹಸಿರು ಮಾತ್ರ ಮೊದಲು ಮುಗಿಯುತ್ತಿತ್ತಂತೆ. ಬೆಂಗಳೂರಿನ ಬ್ಯಾಂಕ್ ಗುಮಾಸ್ತನನ್ನು ಬಿಟ್ಟು ತಮಿಳುನಾಡಿನ ನನ್ನನ್ನು ಒಪ್ಪಿದ್ದು ನನ್ನ ಮೀಸೆ ನೋಡಿ ಎಂದು ನಾನು ನಂಬಿದ್ದೆ. ಒಪ್ಪಿದ್ದು ಕಾಡನ್ನು ನೋಡಿ.

ಮದುವೆಯಾಗಿ ಬಂದ ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ ನಿಲ್ಲಿಸಿದೆ. ಜೋಳದ ಕೂಳೆ, ಎರಡು ಜಾಲಿಮರ, ಒಂದು ಆಡು.

“ಕಾಡು ಎಲ್ಲಿ?” ಎಂದಳು.

“ಇದೇ ಕಣ್ಣು ನಮ್ಮ ಕಾಡು. ಆ ಬೇಲಿ ತನಕ.” ಪ್ರೀತಿಯವರನ್ನು ನಮ್ಮ ಕಡೆ ಕಣ್ಣು ಎಂದೇ ಕರೆಯುವುದು.

“ಇದು ಹೊಲ ಅಲ್ವಾ?”

“ಕಾಡು” ಎಂದೆ ನಾನು, ಇನ್ನೂ ಹೆಮ್ಮೆಯಿಂದ.

ಅವಳು ಅಳಲಿಲ್ಲ. ಆಡನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೂರು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಮದುವೆಯಾಗಿ ಆಗ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ ಎನ್ನುವವರು ಆ ಮೂರು ದಿನ ನನ್ನ ಜಾಗದಲ್ಲಿ ಕೂತು ಎಣಿಸಬೇಕಿತ್ತು.

ಎಂಬತ್ತಾರನೇ ಇಸವಿಯ ಜೂನ್ ಅದು. ಮುಂದಿನ ತಿಂಗಳು ಆಡಿ, ಅವಳ ಲೆಕ್ಕದಲ್ಲಿ ಆಷಾಢ. ಹೊಸ ಮದುಮಗಳು ತವರಿಗೆ ಹೋಗುವ ತಿಂಗಳು. ನಮ್ಮವ್ವ ಕುಪ್ಪಮ್ಮ ನನ್ನನ್ನು ದನದ ಕೊಟ್ಟಿಗೆಗೆ ಎಳೆದಳು.

“ಲೇ ದೇವರಾಜಾ, ನಿನ್ನೆಂಡ್ತಿ ಈಗ್ಲೇ ಪೆಟ್ಟಿಗೆ ಕಟ್ತಾವಳೆ. ಸ್ವೆಟ್ಟರೂ ಇಟ್ಕೊಂಡವಳೆ. ಆಡಿ ಮಾಸಕ್ಕೆ ಸ್ವೆಟ್ಟರ್ ಯಾಕ್ಲಾ?”

“ಮೈಸೂರು ಚಳಿ ಅವ್ವಾ.”

“ಚಳಿಯಂತೆ ಚಳಿ, ನಿನ್ನ ಬಾಯಿಗೆ ಮಣ್ಣು ಹಾಕ. ಹೋದೋಳು ಆಡಿ ಮುಗಿದು ಆವಣಿ ಬಂದ್ರೂ ತಿರುಗಿ ಬರಾಕಿಲ್ಲ, ನೋಡ್ಕೋ.”

ಅಂದು ರಾತ್ರಿ ಊಟಕ್ಕೆ ಕೂತಾಗ, ತವರಿಂದ ಬರೋದು ಯಾವಾಗ ಎಂದು ನಾನೇ ಕೇಳಿದೆ. “ಆಷಾಢ ಕಳೀಲಿ, ನೋಡೋಣ” ಎಂದಳು ಚಂದ್ರಾ. ಮೇಷ್ಟರ ಮಗಳ ‘ನೋಡೋಣ’ ಎಂದರೆ ಏನೆಂದು ನನಗೆ ಗೊತ್ತಿತ್ತು. ಕೂಡಲೇ ಘೋಷಿಸಿದೆ: ನಾಳೆ ಕೊಯಮತ್ತೂರು, ನಾಳಿದ್ದು ಘಟ್ಟದ ಮೇಲಿನ ವಾಲ್ಪಾರೈ, ಅಲ್ಲಿಯ ಕಾಡಿನ ಒಂದೊಂದು ಮರಕ್ಕೂ ನನ್ನ ಪರಿಚಯವಿದೆ.

ಕೊಯಮತ್ತೂರಿನ ಬೀದಿಗಳಲ್ಲಿ ನಾನು ತಿನ್ನದ ಗಾಡಿಯಿಲ್ಲ. ಟೌನ್‌ಹಾಲ್ ಹಿಂದಿನ ಬಜ್ಜಿ ಗಾಡಿಯ ದಂಡಪಾಣಿ ನನ್ನ ಪ್ರಾಣಸ್ನೇಹಿತ ಎಂದು ದಾರಿಯುದ್ದಕ್ಕೂ ಹೇಳಿದ್ದೆ. ಹೋಗಿ “ಏನಪ್ಪಾ ದಂಡಪಾಣಿ” ಎಂದು ತಮಿಳಿನಲ್ಲಿ ಕರೆದರೆ ಆತ ಜರಡಿ ಸೌಟು ಎತ್ತಿ ಹಿಡಿದು, “ಯಾರುಂಗ ನೀಂಗ?” ಎಂದ.

“ನೀವು ಯಾರು ಅಂತ ಕೇಳ್ತಾ ಇದ್ದಾರೆ” ಎಂದಳು ಚಂದ್ರಾ. ಬಂದ ಇಷ್ಟು ದಿನದಲ್ಲಿ ಅಷ್ಟು ತಮಿಳು ಕಲಿತುಬಿಟ್ಟಿದ್ದಳು.

“ತಮಾಷೆ ಮಾಡ್ತಾನೆ. ಸ್ನೇಹ ಜಾಸ್ತಿ ಆದ್ರೆ ಹಂಗೇ.”

ಬಾಣಲೆಯಿಂದ ನೇರ ಎಲೆಗೆ ಬಿದ್ದ ಮೆಣಸಿನಕಾಯಿ ಬಜ್ಜಿ, ಮೇಲೆ ಚಿಟಿಕೆ ಖಾರದ ಪುಡಿ, ಪಕ್ಕದಲ್ಲಿ ತೆಂಗಿನ ಚಟ್ನಿ. ಹದಿನೆಂಟು ತಿಂದೆ. ಹತ್ತೊಂಬತ್ತನೆಯದರಲ್ಲಿ ಬೀಜ ಸಿಕ್ಕಿ ಕಣ್ಣಲ್ಲಿ ಭವಾನಿ ಹೊಳೆ ಹರಿಯಿತು.

“ಆರು” ಎಂದಳು ಚಂದ್ರಾ. “ನಾನು ಎಣಿಸ್ತಿದ್ದೆ. ಆರನೇದಕ್ಕೇ ಅಳೋಕೆ ಶುರು ಮಾಡಿದ್ರಿ.”

“ಅಳು ಅಲ್ಲ, ಸಂತೋಷ.”

ಅವಳ ತುಟಿಯ ಒಂದು ಮೂಲೆ ಸ್ವಲ್ಪ ಕದಲಿತು. ಆ ಮೂಲೆಯನ್ನೇ ನಂಬಿ ರಾಜಾ ಬೀದಿಯಲ್ಲಿ ಪಣಿಯಾರ ಕೊಡಿಸಿದೆ, ಉಕ್ಕಡದಲ್ಲಿ ಸೊಗದೆ ಬೇರಿನ ನನ್ನಾರಿ ಶರಬತ್ತು ಕುಡಿಸಿದೆ. ಎಲ್ಲವನ್ನೂ ರುಚಿ ನೋಡಿ, ಮುಚ್ಚುಮರೆಯಿಲ್ಲದೆ ಚೆನ್ನಾಗಿದೆ ಎಂದು ತಿಂದಳು. ಆದರೆ ತಿನ್ನುವುದಕ್ಕೆ ಒಲಿದವಳು ಗಂಡನಿಗೂ ಒಲಿದಳು ಎಂದೇನಿಲ್ಲ. ಬಸ್ ನಿಲ್ದಾಣದಲ್ಲಿ, ಅವಳು ತಲೆ ತಗ್ಗಿಸಿಯೇ ಹೇಳಿದಳು: “ಗೆಳತಿಯರಿಗೆಲ್ಲ ಕಾಡಿಗೆ ಹೋಗ್ತಿದೀನಿ ಅಂತ ಹೇಳಿ ಬಂದಿದೀನಿ. ಹೋಗಿ ಅವರ ಮುಂದೆ ಏನು ಹೇಳಲಿ, ಆಡು ಇದೆ ಅಂತಾನಾ?”

ನಾನು ವಾಲ್ಪಾರೈ ಬಸ್ಸಿನ ಹೊತ್ತು ವಿಚಾರಿಸಲು ಎದ್ದುಹೋದೆ.

ವಾಲ್ಪಾರೈ ಘಟ್ಟಕ್ಕೆ ನಲವತ್ತು ತಿರುವು ಎಂದು ಸರ್ಕಾರ ಬೋರ್ಡು ಹಾಕಿದೆ. ಸರ್ಕಾರಕ್ಕೆ ಎಣಿಸಲು ಬರುವುದಿಲ್ಲ. ಎಂಬತ್ತಕ್ಕೆ ಒಂದೂ ಕಡಿಮೆಯಿಲ್ಲ. ಮೇಲೆ ಟೀ ಎಸ್ಟೇಟಿನ ಕೂಲಿಗಳ ಸಾಲುಮನೆಯಲ್ಲಿ, ಲೈನ್ ಮನೆಯೊಂದರಲ್ಲಿ, ತಂಗಮ್ಮ ಇದ್ದಳು. ಹಿಂದೆ ನಮ್ಮ ಊರಿನಲ್ಲಿ ಹತ್ತಿ ಬಿಡಿಸುತ್ತಿದ್ದವಳು, ಈಗ ಅಲ್ಲಿ ಟೀ ಸೊಪ್ಪು ಕೀಳುತ್ತಿದ್ದಳು. ಬಿಸಿ ಚಹಾ ಕೊಟ್ಟು, ಜಿಗಣೆಗೆಂದು ನಮ್ಮ ಕಾಲಿಗೆ ಉಪ್ಪು ಮತ್ತು ಹೊಗೆಸೊಪ್ಪು ಉಜ್ಜಿ, “ಸಾಲು ಮುಗಿದ ಮೇಲೆ ಬಲಕ್ಕೆ ಹೋಗಿ, ಎಡಕ್ಕೆ ಬೇಡ” ಎಂದು ತಮಿಳಿನಲ್ಲಿ ಎಚ್ಚರಿಸಿದಳು.

ನಾನು ಎಡಕ್ಕೆ ನಡೆದೆ. ಒಂದೊಂದು ಮರದ ಪರಿಚಯವಿರುವವನಿಗೆ ಬಲವೇನು, ಎಡವೇನು.

ಟೀ ಗಿಡಗಳು ಮುಗಿದದ್ದೇ, ಬೆಳಕು ಇಳಿದುಹೋಯಿತು. ಕಾಂಡಗಳ ಮೇಲೆ ಪಾಚಿ, ಪಾಚಿಯ ಮೇಲೆ ಜರಿಗಿಡ. ಎಲ್ಲೋ ಮೇಲಿನಿಂದ ಒಂದೊಂದೇ ಹನಿ. ಜಿಗಣೆಗಳು ಒಂದೊಂದೂ ಬಾವಿ ಹಗ್ಗದಷ್ಟು ದಪ್ಪ. ಚಂದ್ರಾ ಕತ್ತೆತ್ತಿಕೊಂಡೇ ನಡೆಯುತ್ತಿದ್ದಳು, ಸೆರಗು ಮುಳ್ಳಿಗೆ ಸಿಕ್ಕಿ ಹರಿದದ್ದೂ ತಿಳಿಯಲಿಲ್ಲ. ನಾನು ಮರಗಳ ಹೆಸರು ಹೇಳುತ್ತಾ ಹೋದೆ. ಏಳೆಂಟು ಮರ ಆದ ಮೇಲೆ ಹೆಸರುಗಳು ಮುಗಿದವು, ಸೋದರಮಾವಂದಿರ ಹೆಸರಿಟ್ಟೆ. “ಇದು ಆರುಮುಗಂ ಮರ.” ಅವಳು ನಂಬಿದಳೋ ಇಲ್ಲವೋ, ಪಾಪ, ಅದನ್ನೂ ಮುಟ್ಟಿ ನೋಡಿದಳು.

ಒಂದು ಗಂಟೆಯ ಮೇಲೆ ದಾರಿ ಕಾಲಡಿಯಿಂದಲೇ ಮಾಯವಾಯಿತು. ಮಂಜು ಬಂತು. ಮಂಜಿನೊಳಗೆ, ಹತ್ತು ಮಾರು ಆಚೆ, ಕಪ್ಪಗೆ, ಮನೆಯಷ್ಟು ದೊಡ್ಡದು.

“ಆನೆ” ಎಂದೆ. ಎಂದೆನೋ, ಬರೀ ಬಾಯಿ ತೆರೆದೆನೋ. ಮುಂದೆ ನೆನಪಿರುವುದು ನಾನು ಚಂದ್ರಾಳ ಹಿಂದೆ ನಿಂತು ಅವಳ ಎರಡೂ ತೋಳು ಹಿಡಿದುಕೊಂಡಿದ್ದು. ಗಂಡಸು ಹೆಂಡತಿಯ ಬೆನ್ನು ಕಾಯಬೇಕಲ್ಲ.

ಮಂಜು ಸರಿಯಿತು. ಬಂಡೆ. ಮಳೆಗೆ ನೆಂದ ಬಂಡೆ.

ಅವಳು ನಿಧಾನವಾಗಿ ತಿರುಗಿದಳು. “ಈ ಕಾಡಿಗೆ ನೀವು ಎಷ್ಟು ಸಲ ಬಂದಿದೀರಿ?”

ನೂರು ಎನ್ನಬೇಕೆಂದಿದ್ದೆ. ನಾಲಿಗೆ ಹೊರಳಲಿಲ್ಲ. “ಇದೇ ಮೊದ್ಲು” ಎಂದೆ. “ಯಾವ ಕಾಡಿಗೂ ಬಂದಿಲ್ಲ. ದಾರೀನೂ ಗೊತ್ತಿಲ್ಲ ಕಣ್ಣು.”

ಅವಳು ಬಂಡೆಯ ಮೇಲೆ ಕೂತುಬಿಟ್ಟಳು. ನಾನು ನೆಲದ ಮೇಲೇ ಕೂತೆ. ಕೈಗೆ ಮಣ್ಣು ಸಿಕ್ಕಿತು. ಎಷ್ಟೇ ಬಾಯಿಬಡುಕನಾದರೂ ನಾನು ಬೇಸಾಯಗಾರ. ಹಿಡಿ ಎತ್ತಿ ಮೂಸಿದೆ. ಮೆತ್ತಗೆ, ಕಪ್ಪಗೆ, ಹಿಂಡಿದರೆ ನೀರು ಜಿನುಗುವ ಮಣ್ಣು.

“ಇಂಥ ಮಣ್ಣು ಒಂದು ಗೇಣು ನಮ್ಮಲ್ಲಿ ಇದ್ದಿದ್ರೆ” ಎಂದೆ. “ನಮ್ಮಪ್ಪ ಮೂರು ಕಡೆ ಬಾವಿ ತೋಡಿದ್ರು. ಮೂರ್ನೇದು ಐವತ್ತೆಂಟು ಅಡಿ. ಕೆಳಗೆ ಇಳಿದು ಕೂತು ಕೈಯಲ್ಲಿ ಕಲ್ಲು ತಡವ್ತಾ ಇದ್ರು, ತೇವ ಅದೆಯಾ ಅಂತ. ಇರ್ಲಿಲ್ಲ. ಅದಕ್ಕೇ ಅದು ತೋಟ ಆಗ್ಲಿಲ್ಲ, ಕಾಡಾಗೇ ಉಳೀತು. ಹನ್ನೆರಡು ಎಕರೆ ಅಲ್ಲ. ಏಳು.”

“ಐವತ್ತೆಂಟು ಅಡಿ ನಿಜಾನಾ?”

“ಹಗ್ಗ ಬಿಟ್ಟು ಅಳೆದೋನು ನಾನೇ.”

ಅಷ್ಟರಲ್ಲಿ ತಲೆಯ ಮೇಲೆ ಯಾರೋ ದೊಡ್ಡ ಮೊರ ಬೀಸಿದಂತೆ ಸದ್ದಾಗಿ, ಹಳದಿ ಕೊಕ್ಕಿನ ಒಂದು ಭಾರಿ ಹಕ್ಕಿ ರೆಕ್ಕೆ ಬಡಿಯುತ್ತಾ ದಾಟಿಹೋಯಿತು. ಅದರ ಹಿಂದೆ ಇನ್ನೊಂದು. ಹಕ್ಕಿಯ ರೆಕ್ಕೆಗೆ ಅಷ್ಟು ಸದ್ದಿರುತ್ತದೆಂದು ನನಗೆ ಗೊತ್ತಿರಲಿಲ್ಲ; ಅದಕ್ಕೆ ಒಂದು ಕಾಳೂ ಸೇರಿಸುವುದು ನನ್ನಿಂದಲೂ ಆಗದು. ಚಂದ್ರಾಳ ಕಣ್ಣು ತುಂಬಿತ್ತು. ಮೆಣಸಿನಕಾಯಿ ಬೀಜದಿಂದಲ್ಲ.

ಹಿಂತಿರುಗುವ ದಾರಿ ನಾನೇ ಕಂಡುಹಿಡಿದೆ, ಜಂಬವಿಲ್ಲದೆ. ನೀರು ಎತ್ತ ಓಡುತ್ತದೆಂದು ಬೇಸಾಯಗಾರನಿಗೆ ಕಾಲೇ ಹೇಳುತ್ತದೆ. ತೇವ ಹಿಡಿದು ಇಳಿದೆ, ಒರತೆ ಸಿಕ್ಕಿತು, ಒರತೆ ಹಳ್ಳವಾಯಿತು, ಹಳ್ಳ ಟೀ ಸಾಲಿನ ನಡುವೆ ಬಂದು ಬಿತ್ತು. ಚಂದ್ರಾ ಎಣಿಕೆಯಿಲ್ಲದೆ, ಪ್ರಶ್ನೆಯಿಲ್ಲದೆ ನನ್ನ ಹಿಂದೆಯೇ ಬಂದಳು.

ಲೈನ್ ಮನೆ ಬಾಗಿಲಲ್ಲೇ ತಂಗಮ್ಮ ಸೊಂಟಕ್ಕೆ ಕೈ ಇಟ್ಟು ನಿಂತಿದ್ದಳು. “ಎಡಕ್ಕೆ ಹೋದಿರಾ? ಇಷ್ಟು ಹೊತ್ತು ಎಲ್ಲಿದ್ದಿರಿ?”

ನಾನು ಬಾಯಿ ತೆರೆಯುವ ಮೊದಲೇ ಚಂದ್ರಾ ತನ್ನ ಮುರುಕು ತಮಿಳಿನಲ್ಲಿ ಶುರುಮಾಡಿದಳು. ದಾರಿಗೆ ಅಡ್ಡ ಆನೆ ನಿಂತಿತ್ತು. ಕೊಂಬು ಇಷ್ಟುದ್ದ. ಇವರು ನನ್ನನ್ನು ಹಿಂದೆ ಸರಿಸಿ, ಮುಂದೆ ಹೋಗಿ, ಕೈ ಮುಗಿದು ಅದರ ಹತ್ತಿರ ಮಾತಾಡಿದರು. ಆನೆ ಹೊರಟುಹೋಯಿತು.

“ಯಾವ ಭಾಷೆಯಲ್ಲಿ ಮಾತಾಡಿದರು?” ಎಂದಳು ತಂಗಮ್ಮ.

“ಕನ್ನಡದಲ್ಲಿ.”

“ಹಾಗಾದರೆ ಸರಿ, ಅರ್ಥವಾಗದೆ ಹೋಗಿರುತ್ತದೆ” ಎಂದು ತಂಗಮ್ಮ ನಮ್ಮ ಕಾಲಿನ ಜಿಗಣೆ ಕೀಳಲು ಕೂತಳು. ನಾನು ಚಂದ್ರಾಳ ಮುಖ ನೋಡಿದೆ. ಆ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. ನನ್ನ ಆಯುಷ್ಯದಲ್ಲಿ ಅಷ್ಟು ಶುದ್ಧವಾದ ಸುಳ್ಳು ನಾನು ಕೇಳಿರಲಿಲ್ಲ.

ಮರುದಿನ ಇಳಿಯುವ ಬಸ್ಸಿನಲ್ಲಿ, ಮೂರನೆಯ ತಿರುವಿಗೆ, ಸುತ್ತು ಬಳಸದೆ ಕೇಳಿದೆ: “ತವರಿಗೆ ಹೋದೋಳು ತಿರುಗಿ ಬರ್ತೀಯಾ?”

“ನಿಮ್ಮ ಆಡಿ ಮುಗಿಯೋದು ಯಾವತ್ತು?”

“ಆಗಸ್ಟ್ ಹದಿನಾರು.”

“ಹದಿನೈದಕ್ಕೇ ಬಂದುಬಿಡಿ. ಅಪ್ಪನ ಶಾಲೆಯಲ್ಲಿ ಬಾವುಟ ಹಾರಿಸ್ತಾರೆ, ನನ್ನ ಗೆಳತಿಯರೆಲ್ಲ ಬಂದಿರ್ತಾರೆ. ಅವರಿಗೆ ನಿಮ್ಮನ್ನ ತೋರಿಸಿ ಆನೆ ಎರಡು ಅಂತ ಹೇಳ್ತೀನಿ. ನೀವು ನಡುವೆ ಬಾಯಿ ಹಾಕಿ ಮೂರು ಮಾಡಬೇಡಿ.”

“ಮೂರೇ ಇರ್ಲಿ ಕಣ್ಣು” ಎಂದೆ. “ಒಂದು ಮರಿ.”

ಅವಳು ಕಿಟಕಿಯ ಕಡೆ ತಿರುಗಿ ಒಂದು ತಿರುವು ಮುಗಿಯುವಷ್ಟು ಹೊತ್ತು ಯೋಚಿಸಿದಳು.

“ಮರಿ ಇರಬಹುದು” ಎಂದಳು.