ಪಾದೋದಕಕ್ಕೂ ಪ್ರಸಾದಕ್ಕೂ ನಡುವಣ ತಾಸು

ಸೇಡಂನ ಸಾಯಬಣ್ಣನವರ ಮನೆಯಲ್ಲಿ ಇಷ್ಟಲಿಂಗಪೂಜೆ ಮುಗಿಯುವ ಮುನ್ನ ಯಾರ ಗಂಟಲಿಗೂ ಹನಿ ನೀರು ಇಳಿಯುವುದಿಲ್ಲ. ಪೂಜೆಯಾದೊಡನೆ ಪಾದೋದಕದ ತೀರ್ಥ, ಅದರ ಬೆನ್ನಿಗೇ ಬಟ್ಟಲು ಹಾಲಿನ ಪ್ರಸಾದ, ಎಲ್ಲರಿಗೂ ಏಕಕಾಲಕ್ಕೆ. ನಿವೃತ್ತ ಕನ್ನಡ ಪಂಡಿತರಾದ ಸಾಯಬಣ್ಣನವರು ಈ ಕ್ರಮವನ್ನು ನಲವತ್ತು ವರ್ಷ ಲೋಪವಿಲ್ಲದೆ ನಡೆಸಿಕೊಂಡು ಬಂದಿದ್ದರು.

ಸೊಸೆ ಶಿವಗಂಗಾಳ ಮೊದಲ ಬಸಿರು ಕಳೆದ ವರ್ಷ ಮೂರನೆಯ ತಿಂಗಳಲ್ಲಿ ಇಳಿದುಹೋಗಿತ್ತು. ಮತ್ತೆ ಬಸಿರಾಗುವ ಮೊದಲು ಡಾಕ್ಟರನ್ನು ಕಾಣಬೇಕೆಂದು ಅವಳು ಹೇಳಿದಾಗ ಅತ್ತೆ ಶರಣಬಸಮ್ಮ ನಕ್ಕರು.

“ಬಸಿರೇ ಇಲ್ಲ, ಡಾಕ್ಟರ್ ಕಡಿ ಏನ್ ಕೆಲಸ? ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಹೊಲದಂಗಾತು.”

“ಹೋದ ಸಲ ಹೊಲೀಲಿಲ್ಲಲ್ರಿ ಅತ್ತಿ,” ಎಂದಳು ಶಿವಗಂಗಾ.

ಶರಣಬಸಮ್ಮ ಸೆರಗು ಹೊದ್ದು ತಾವೂ ಹೊರಟರು.

ಬಜಾರಿನ ಡಾಕ್ಟರ್ ನಾಹಿದ ಆ ಮನೆಯ ಎರಡು ತಲೆಮಾರಿನ ಕೆಮ್ಮು ಜ್ವರಗಳನ್ನು ಬಲ್ಲವರು. ಶಿವಗಂಗಾಳ ತೂಕ, ಬಿ.ಪಿ. ನೋಡಿದರು, ಫೋಲಿಕ್ ಆ್ಯಸಿಡ್ ಗುಳಿಗೆಯನ್ನು ಬಸಿರಿಗೆ ಮೊದಲೇ, ಇಂದಿನಿಂದಲೇ ಆರಂಭಿಸಲು ಬರೆದರು, ಗುಟ್ಕಾ ಬಿಡುವಂತೆ ಜೊತೆಗೆ ಬಂದಿದ್ದ ಗಂಡ ಸಂಗಮೇಶ್ವರನಿಗೆ ಹೇಳಿದರು. ಅವನು ಫ್ಯಾನಿನ ಕಡೆ ನೋಡಿದ. ಎರಡು ದಿನದ ಮೇಲೆ ರಕ್ತಪರೀಕ್ಷೆಯ ವರದಿ ಬಂತು.

“ಥೈರಾಯ್ಡ್ ಭಾಳ ಹದಗೆಟ್ಟದ. ನಾ ಮೊದಲ ಬರದ ಕೊಟ್ಟಿದ್ದ ಅದರ ಗುಳಿಗಿ ಬಿಟ್ಟೀರೇನವ್ವಾ?”

“ಒಂದ ದಿನಾನೂ ಬಿಟ್ಟಿಲ್ರಿ. ದಿನಾ ಮುಂಜಾನಿ, ಖಾಲಿ ಹೊಟ್ಟೀಲೆ.”

“ಏನ್ ಜೋಡಿ ನುಂಗ್ತೀರಿ?”

“ಹಾಲಿನ ಜೋಡಿರಿ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಹಾಲು ಹೋದ ಮ್ಯಾಲ ಹೊಟ್ಟಿ ಖಾಲಿ ಹೆಂಗಾತು?”

“ಅದು ಪ್ರಸಾದರಿ,” ಎಂದರು ಶರಣಬಸಮ್ಮ, ತಿಳಿಯದವರಿಗೆ ತಿಳಿಹೇಳುವ ತಾಳ್ಮೆಯಿಂದ. “ಊಟದಾಗ ಬರಂಗಿಲ್ಲ.”

“ನಿಮಗ ಪ್ರಸಾದ ಅಮ್ಮಾ. ಗುಳಿಗಿಗೆ ಅದು ಹಾಲೇ.”

ಶಿವಗಂಗಾ ವರದಿಯನ್ನು ಮೇಜಿನಿಂದ ತನ್ನ ಕಡೆಗೆ ಎಳೆದುಕೊಂಡಳು. “ಹೋದ ಸಲ ಹೋಗಿದ್ದು ಇದಕ್ಕೇನ್ರಿ?”

“ಇದಕ್ಕೇ ಅಂತ ಹೇಳಾಕ ಬರಲ್ಲ. ಆದ್ರ ಈ ಸಲ ಅಳತಿ ಹದಕ್ಕ ಬರೂತನಕ ತಡೀರಿ. ಗುಳಿಗಿ ಬರೇ ನೀರಿನ ಜೋಡಿ. ಆಮ್ಯಾಗ ಒಂದ ತಾಸು ಏನೂ ಬ್ಯಾಡ. ಹಾಲು ಮಧ್ಯಾಹ್ನ ಕುಡೀರಿ.”

ವಿಷಯ ಸಾಯಬಣ್ಣನವರ ಮುಂದೆ ಬಂತು. ಅವರು ಎರಡು ದಿನ ಗ್ರಂಥಗಳನ್ನು ಬಿಚ್ಚಿ ಕುಳಿತರು. ಮೂರನೆಯ ದಿನ ಕನ್ನಡಕ ತೆಗೆದು ನುಡಿದರು:

“ಪಾದೋದಕ ಮೊದಲು, ಪ್ರಸಾದ ಆಮ್ಯಾಗ. ನಡುವ ಎಷ್ಟ ಹೊತ್ತಂತ ನನ್ನ ಕಡಿ ಇದ್ದ ಯಾವ ಪುಸ್ತಕದಾಗೂ ಬರದಿಲ್ಲ. ಪಾದೋದಕ ಆದ ಕೂಡ್ಲೆ ಗುಳಿಗಿ ನುಂಗವ್ವ.”

“ಹಂಗಾದ್ರ ಆಕಿ ಒಬ್ಬಾಕಿ ತಡೀಲಿ ಅಪ್ಪಾ,” ಎಂದ ಸಂಗಮೇಶ್ವರ. ಅವನಿಗೆ ಕೋಡ್ಲಾದ ಸಿಮೆಂಟ್ ಫ್ಯಾಕ್ಟರಿಯ ಬಸ್ಸು ಹಿಡಿಯಬೇಕಿತ್ತು. “ನಾವು ಉಂಡ ಹೋಗ್ತೀವಿ.”

“ಈ ಮನ್ಯಾಗ ಪ್ರಸಾದಕ್ಕ ಎರಡ ಪಂಕ್ತಿ ಇಲ್ಲ.”

ಮರುದಿನದಿಂದ ಪೂಜೆ ಒಂದು ತಾಸು ಮೊದಲೇ, ಬೆಳಗಿನ ಐದೂವರೆಗೆ ಬಂತು. ಹಾಲಿನ ಸ್ಥಾನಕ್ಕೆ ಬಾಳೆಹಣ್ಣು. ಶಿವಗಂಗಾ ನೀರಿನೊಡನೆ ಗುಳಿಗೆ ನುಂಗುವಳು. ನಾಲ್ವರೂ ಗಡಿಯಾರದ ಕೆಳಗೆ ಒಂದು ತಾಸು ಹಸಿದು ಕೂರುವರು. ಕಾಲ ವ್ಯರ್ಥವಾಗದಿರಲೆಂದು ಸಾಯಬಣ್ಣನವರು ಷಟ್‌ಸ್ಥಲದ ವ್ಯಾಖ್ಯಾನ ಆರಂಭಿಸಿದರು. ಸಂಗಮೇಶ್ವರ ಭಕ್ತಸ್ಥಲದಲ್ಲಿ ಎರಡು ಬಾರಿ ತೂಕಡಿಸಿದ. ಮೂರನೆಯ ವಾರ ಅವನ ಜೇಬಿನಿಂದ ಗುಟ್ಕಾ ಪೊಟ್ಟಣ ಮಾಯವಾಯಿತು.

ಆರು ವಾರಗಳ ಮೇಲೆ ನಾಹಿದ ಹೊಸ ವರದಿಯನ್ನು ಎರಡು ಸಲ ಓದಿದರು. “ಹದಕ್ಕ ಬಂದದ. ಇನ್ನ ನನ್ನದೇನೂ ತಕರಾರಿಲ್ಲ. ಬಸಿರಾದ ಕೂಡ್ಲೆ ಬಂದ ತೋರಸ್ರಿ.”

ಶಿವಗಂಗಾ ವರದಿಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಳು.

“ನಾಳಿಂದ ನಾಷ್ಟಾ ಲಗೂ ಮಾಡಬಹುದೇನ್ರಿ?” ಎಂದು ಶರಣಬಸಮ್ಮ ಕೇಳಿದರು.

“ಇಲ್ಲಮ್ಮಾ. ಗುಳಿಗಿ ಬಿಡಾಕ ಬರಲ್ಲ. ಬಸಿರಾದ್ರೂ ಬೇಕು, ಹಡದ ಮ್ಯಾಲೂ ಬೇಕು.”

ಮರುದಿನ ಬೆಳಗ್ಗೆ ಸಾಯಬಣ್ಣನವರು ಎರಡನೆಯದಾದ ಮಹೇಶಸ್ಥಲಕ್ಕೆ ಬಂದಿದ್ದರು. ಶರಣಬಸಮ್ಮ ಗಡಿಯಾರ ನೋಡಿ, ಎದ್ದು ಹೋಗಿ, ಮೆತ್ತಗಾದ ಹಳೆಯ ಸೀರೆಯ ಒಂದು ತುಂಡು ಮತ್ತು ಸೂಜಿ ತಂದರು. ಎರಡು ಅಂಗೈಯಗಲ ಕತ್ತರಿಸಿ ಕೂಸಿನ ತಲೆಯಷ್ಟು ದುಂಡಗೆ ಮಡಚತೊಡಗಿದರು.

“ಏನ್ ಹೊಲಿಯಾಕತ್ತೀರಿ ಅತ್ತಿ?”

“ಸುಮ್ಮ ಕುಂತ ಏನ್ ಮಾಡ್ಲಿ? ಇನ್ನ ಐವತ್ತು ಮಿನಿಟ ಅದ.”

ಅವರಿಗೆ ಸೂಜಿಯ ಕಣ್ಣು ಕಾಣಿಸದು. ಶಿವಗಂಗಾ ದಾರ ಪೋಣಿಸಿಕೊಟ್ಟಳು.