ಮೇಲ್ನೀರು

"ಸಿಹಿನೀರು ಬೇಕಂತೆ ಮಹಾರಾಣಿಗೆ! ಉಪ್ಪಲ್ಲೇ ಹುಟ್ಟಿ ಉಪ್ಪಲ್ಲೇ ಸಾಯೋ ಮುಂಡೆ, ನಾಲಿಗೆ ನೋಡು ಎಷ್ಟುದ್ದ!"

ಮೇಸ್ತ್ರಿ ಬೈಯುತ್ತಲೇ ಇದ್ದ. ಅತ್ತೆ ಉಪ್ಪು ಎಳೆಯುವ ಹಲಗೆಯನ್ನು ನಿಲ್ಲಿಸಲಿಲ್ಲ. ಉಪ್ಪಿನ ಗದ್ದೆಯ ಕೂಲಿಯವರಿಗೆಲ್ಲ ಅವಳು ಅತ್ತೆ. ಮೇಸ್ತ್ರಿಗೆ ಮಾತ್ರ ಮುಂಡೆ.

ಅವಳು ಕೇಳಿದ್ದು ಇಷ್ಟೇ: ಬಾವಿಕಟ್ಟೆಯ ಮೇಲಿನ ಮೋಟಾರು ತೆಗೆಸಿ. ಕೇರಿಗೆ ಇದ್ದದ್ದು ಅದೊಂದೇ ಬಾವಿ. ಮಳೆಯ ಸಿಹಿನೀರು ಅದರಲ್ಲಿ ಹಾಲಿನ ಕೆನೆಯ ಹಾಗೆ ಮೇಲೆ ನಿಲ್ಲುತ್ತದೆ, ಅಡಿಯಲ್ಲೆಲ್ಲ ಉಪ್ಪು. ಅದಕ್ಕೇ ಯಾರೂ ಕೊಡ ಮುಳುಗಿಸುತ್ತಿರಲಿಲ್ಲ. ಅಗಲ ಬೋಗುಣಿಗೆ ಹಗ್ಗ ಕಟ್ಟಿ, ಮೆಲ್ಲಗೆ ಇಳಿಸಿ, ಮೇಲ್ನೀರನ್ನಷ್ಟೇ ಎತ್ತುತ್ತಿದ್ದರು. ಮನೆಗೆ ಬಂದ ಸೊಸೆಗೆ ಮೊದಲು ಕಲಿಸುವ ಕೆಲಸ ಅದು.

ಗದ್ದೆಯ ಧಣಿ, ಉಪ್ಪುನೀರಲ್ಲೇ ಬೆಳೆದು ದಂಡೆ ಕಾಯುತ್ತಿದ್ದ ಕಾಂಡ್ಲಾ ಗಿಡಗಳನ್ನೆಲ್ಲ ಕಡಿಸಿ ಬಂಗಲೆ ಕಟ್ಟಿಸಿದ. ಬಂಗಲೆಗೊಂದು ಈಜುಕೊಳ. ಎದುರಿಗೇ ಸಮುದ್ರವಿದ್ದರೂ ಉಪ್ಪು ಮಾರಿ ಬೆಳೆದ ಆ ಮೈಗೆ ಉಪ್ಪು ಆಗುವುದಿಲ್ಲವಂತೆ! ಕೊಳ ತುಂಬಿಸಲು ಬಾವಿಗಿಟ್ಟ ಮೋಟಾರು ಸಿಹಿನೀರನ್ನು ಗಟಗಟ ಎಳೆದಂತೆ, ಅಡಿಯ ಉಪ್ಪು ಮೇಲೆ ಬಂದು ಕೂತಿತು.

ಅತ್ತೆಯ ಸೊಸೆ ತುಂಬು ಬಸುರಿ. ಮುಖ, ಕಾಲು ಊದಿಕೊಂಡಿದ್ದವು. "ಉಪ್ಪು ಮುಟ್ಟಿಸ್ಬೇಡಿ, ಇಬ್ರೂ ಉಳಿಯಲ್ಲ" ಎಂದು ನರ್ಸಮ್ಮ ಹೇಳಿ ಹೋಗಿದ್ದಳು. ಕುಡಿಯುವ ನೀರೇ ಉಪ್ಪಾದರೆ ಅತ್ತೆ ಏನನ್ನು ಬಚ್ಚಿಡಬೇಕು?

ಸಂಜೆ ಬಾವಿ ನೋಡಲೆಂದು ನೀರಿನ ಇಲಾಖೆಯ ಸಾಹೇಬ ಬಂದ. ಬಾವಿಯತ್ತ ತಲೆಯನ್ನೂ ಹಾಕದೆ ಈಜುಕೊಳದ ಪಕ್ಕ ಕುರ್ಚಿ ಹಾಕಿಸಿಕೊಂಡ. ಅತ್ತೆ ಬಾವಿನೀರು ಹಿಡಿದು ಎದುರು ನಿಂತು, ಬಸುರಿ ಸೊಸೆಗೆ ಕುಡಿಸಲು ಇದೊಂದೇ ನೀರು, ಕುಡಿದರೆ ಕೂಸು ಉಳಿಯುವುದಿಲ್ಲ ಎಂದಳು.

"ಸಮುದ್ರದ ಪಕ್ಕ ಉಪ್ಪಿರ್ದೆ ಸಕ್ಕರೆ ಇರುತ್ತೇನಮ್ಮಾ?" ಸಾಹೇಬ ನಕ್ಕ.

ಧಣಿಯೂ ನಕ್ಕ. "ಇವ್ರಿಗೇನ್ ಬಿಡಿ, ಇದು ಹೋದ್ರೆ ಮುಂದಿನ ವರ್ಷ ಇನ್ನೊಂದು ಹೆರ್ತಾರೆ."

ಅತ್ತೆಯ ಮೈ ಉರಿದುಹೋಯಿತು. ಮನೆಗೆ ಬಂದು ಸೌದೆ ಕಡಿಯುವ ಕತ್ತಿ ತೆಗೆದಳು. ಸೊಸೆ ಬಾಗಿಲು ಹಿಡಿದು ಎದ್ದು ಬಂದಳು.

"ಬೇಡ ಅತ್ತೆ, ಹೊಡೀತಾರೆ."

"ಹೊಡೀಲಿ. ನೀನ್ ಒಳಗ್ ಹೋಗಿ ಮಲಕ್ಕೋ."

ಬಾವಿಕಟ್ಟೆ ಹತ್ತಿ, ನೀರಿಗಿಳಿದಿದ್ದ ಪೈಪಿಗೆ ಕತ್ತಿ ಬೀಸಿದಳು. ಮೂರನೆಯ ಏಟಿಗೆ ಅದು ತುಂಡಾಗಿ ಒಳಗೆ ಬಿತ್ತು. ನೀರು ಸಿಗದ ಮೋಟಾರು ಅರಚಿಕೊಂಡಿತು. ದೊಣ್ಣೆ ಹಿಡಿದ ಮೇಸ್ತ್ರಿ ಓಡಿಬಂದ.

"ಇಳಿಯೇ ಕೆಳಗೆ, ಬೋಸುಡಿ!"

"ಮೇಲ್ನೀರು ಕೂಡೋವರ್ಗೂ ಇಳಿಯಲ್ಲ ಕಣೋ. ಗಂಡಸಾದ್ರೆ ಹತ್ರ ಬಾ."

ಮೇಸ್ತ್ರಿ ನಿಂತಲ್ಲೇ ನಿಂತ. ಮೇಲ್ನೀರು ಕೂಡಲು ಇನ್ನೊಂದು ಮಳೆಗಾಲವೇ ಬರಬೇಕೆಂದು ಅತ್ತೆಗೆ ಗೊತ್ತಿತ್ತು. ಸೊಸೆಯ ಹೊಟ್ಟೆ ಅಷ್ಟು ದಿನ ಕಾಯುವುದಿಲ್ಲವೆಂದೂ ಗೊತ್ತಿತ್ತು. ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.